ಯುದ್ಧದ ಚಿತ್ರದ ಮಗುವಿಗೆ ಕೆಂಪು ಕಾಲುಚೀಲ

ಬೆಳಿಗ್ಗೆ ಚಿತ್ರಶಾಲೆಯ ಬಾಗಿಲು ತೆಗೆದಾಗ, ಯುದ್ಧದ ಚಿತ್ರದೊಳಗಿನ ಮಗು ಕೆಂಪು ಕಾಲುಚೀಲ ಹಾಕಿಕೊಂಡು ಕೂತಿತ್ತು.

ಹಿಂದಿನ ಸಂಜೆಯವರೆಗೂ ಅದರದು ಬರಿಗಾಲು.

ಸುದ್ದಿ ಮುಟ್ಟಿದ ಕೂಡಲೇ ಇನ್‌ಸ್ಪೆಕ್ಟರ್ ಬಂದಳು. ಮನೆಯಲ್ಲಿ ತನ್ನಿಬ್ಬರು ಮಕ್ಕಳಿಗೆ ಕಾಲುಚೀಲ ತೊಡಿಸಲು ಹರಸಾಹಸ ಪಟ್ಟು ಬಂದವಳು. ಇಲ್ಲಿ ನೋಡಿದರೆ ಇನ್ನೊಂದು ಜೊತೆ! ತುಟಿ ಕಚ್ಚಿದರೂ ನಗು ನಿಲ್ಲಲಿಲ್ಲ.

"ನಗ್ತಿದ್ದೀರಾ ಮೇಡಂ?" ಚಿತ್ರಶಾಲೆಯ ನಿರ್ದೇಶಕರು ಸಿಡುಕಿದರು.

"ಇಲ್ಲ ಸಾರ್, ಕೆಮ್ಮು."

ಆಮೇಲೆ ಅವಳು ಚಿತ್ರವನ್ನು ಸರಿಯಾಗಿ ನೋಡಿದಳು. ಕೆಮ್ಮೂ ನಿಂತಿತು. ಗೋಡೆ ತುಂಬುವಷ್ಟು ದೊಡ್ಡ ಚಿತ್ರ. ಅದರಲ್ಲಿ ಸೈನಿಕರಿಲ್ಲ, ಹೆಣಗಳಿಲ್ಲ, ಒಂದು ಹನಿ ರಕ್ತವಿಲ್ಲ. ಇದ್ದದ್ದು ಸೂರು ಹಾರಿಹೋದ ಒಂದು ಅಡುಗೆಮನೆ. ಒಲೆಯ ಮೇಲೆ ಪಾತ್ರೆ ಹಾಗೇ ಇದೆ. ಅಮ್ಮ ಮಾತ್ರ ಇಲ್ಲ. ಮುರಿದ ಹೊಸಿಲ ಮೇಲೆ ಕೂತ ಮಗು ನೋಡುವವರ ಮುಖವನ್ನೇ ನೋಡುತ್ತಿದೆ, ಅಮ್ಮ ಎಲ್ಲಿ ಎಂದು ಕೇಳುವ ಹಾಗೆ.

"ಹುಡುಕೋದೇನೂ ಬೇಡ," ನಿರ್ದೇಶಕರು ಕಾವಲುಗಾರನತ್ತ ಬೆರಳು ತೋರಿಸಿದರು. ಅವನನ್ನು ಎಲ್ಲರೂ ತಾತ ಎನ್ನುತ್ತಿದ್ದರು. "ಕೀಲಿ ಇವನ ಹತ್ರ. ಇವನ ಹೆಂಡತಿ ಕಾಲುಚೀಲ ಹೆಣೆದು ಮಾರ್ತಾಳೆ. ನಂಬಿಕೆದ್ರೋಹಿ! ಇವತ್ತೇ ಕೆಲಸದಿಂದ ತೆಗೀತೀನಿ!"

ಆ ಕೂಗಿಗೆ ಪಕ್ಕದ ಕೋಣೆಗಳವರೆಲ್ಲ ಬಂದು ಇಣುಕಿದರು. ತಾತ ತಲೆ ತಗ್ಗಿಸಿದ. ಅವನ ಕೋಟಿನ ಜೇಬಿಗೆ ಕೆಂಪು ಉಣ್ಣೆಯ ಎಳೆಯೊಂದು ಅಂಟಿಕೊಂಡಿತ್ತು.

"ಇದೇನು ತಾತ?"

"ನನ್ನವಳ ಉಣ್ಣೆ ತಾಯಿ. ಊಟದ ತಟ್ಟೆಯಲ್ಲೂ ಸಿಗುತ್ತೆ. ಆದ್ರೆ ಆ ಕಾಲುಚೀಲ ನೋಡಿ, ಹಿಮ್ಮಡಿ ಹತ್ರ ತೂತು! ಅಂಥದ್ದನ್ನ ನಾನು ಬರೆದೆ ಅಂದ್ರೆ ನನ್ನವಳು ಮನೆಗೇ ಸೇರಿಸಲ್ಲ."

*

ಇನ್ನೊಬ್ಬಳ ಮೇಲೂ ಅನುಮಾನವಿತ್ತು. ದಿನಾ ಬಂದು ಈ ಚಿತ್ರದ ನಕಲು ಬರೆಯುವ ವಿದ್ಯಾರ್ಥಿನಿ. ಅವಳ ಡಬ್ಬಿಯಲ್ಲಿ ಕೆಂಪು ಬಣ್ಣವೂ ಇತ್ತು. ವಿಚಾರಿಸಿದರೆ, ನಿನ್ನೆಯೆಲ್ಲ ಅವಳು ಪರೀಕ್ಷೆ ಬರೆಯುತ್ತ ಕೂತಿದ್ದಳು.

"ನಿನ್ನೆ ಸಂಜೆ ಒಳಗೆ ಯಾರಿದ್ರು ತಾತ?"

"ರಿಪೇರಿ ಅಕ್ಕ ಒಬ್ಬಳೇ. ಅವಳೇ ದೀಪ ಆರಿಸಿ ಬಂದಳು. ನಾನು ಬೀಗ ಹಾಕಿದೆ."

"ಛೇ, ಅವಳಲ್ಲ," ನಿರ್ದೇಶಕರು ಕೈಯಾಡಿಸಿದರು. "ಹಳೇ ಚಿತ್ರ ಉಳಿಸೋದೇ ಅವಳ ಕೆಲಸ. ಅವಳು ಹಾಳು ಮಾಡ್ತಾಳಾ?"

ಇನ್‌ಸ್ಪೆಕ್ಟರ್ ಭೂತಗನ್ನಡಿ ಹಿಡಿದು ಬಗ್ಗಿದಳು. ತೂತಿನ ಸುತ್ತ ಕುಂಚ ಮೆಲ್ಲಗೆ ಬಳಸಿಕೊಂಡು ಹೋಗಿತ್ತು. ತೂತಿನೊಳಗೆ ಹಳೆಯ ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದು ನಿಂತಿತ್ತು.

"ಸಾರ್, ಇಲ್ಲಿ ಬಣ್ಣ ಎದ್ದಿರೋದು ಗೊತ್ತಿತ್ತಾ?"

"ಎದ್ದಿದೆಯಾ? ಅಯ್ಯೋ!"

ಅಷ್ಟರಲ್ಲಿ ಹೊರಗೆ ಧಡಧಡ ಹೆಜ್ಜೆ ಸದ್ದು. ಇನ್‌ಸ್ಪೆಕ್ಟರ್ ಬೇಕೆಂದೇ ಬೆರಳನ್ನು ಚಿತ್ರದ ಕಡೆ ಚಾಚಿದಳು.

"ಹಿಮ್ಮಡಿ ಮುಟ್ಬೇಡಿ! ಉದುರಿಬಿಡುತ್ತೆ!"

ಬಾಗಿಲಲ್ಲಿ ರಿಪೇರಿ ಅಕ್ಕ. ಕೆದರಿದ ತಲೆ, ಕೈಯಲ್ಲಿ ಹತ್ತಿಯ ಪೊಟ್ಟಣ.

"ಅದು ಉದುರುತ್ತೆ ಅಂತ ಯಾವಾಗ ಗೊತ್ತಾಯ್ತು?"

"ನಿನ್ನೆ ಸಂಜೆ. ಇವತ್ತು ಸಾರ್‌ಗೆ ಹೇಳೋಣ ಅಂತಿದ್ದೆ."

"ಅಂದರೆ ನಿಮ್ಮನ್ನ ಬಿಟ್ಟು ಬೇರಾರಿಗೂ ಗೊತ್ತಿಲ್ಲ," ಇನ್‌ಸ್ಪೆಕ್ಟರ್ ಕೈ ಹಿಂತೆಗೆದಳು. "ಚಿತ್ರ ಕೆಡಿಸೋಕೆ ಬಂದವರು ಸೀದಾ ಬಳಿದುಬಿಡ್ತಾರೆ. ಈ ಕುಂಚ ಎದ್ದ ಬಣ್ಣಕ್ಕೆ ನೋವಾಗದ ಹಾಗೆ ಸುತ್ತಿಕೊಂಡು ಹೋಗಿದೆ. ಅಲ್ವಾ ಅಕ್ಕ?"

ಅಕ್ಕನ ಕಣ್ಣು ತುಂಬಿತು. "ನಾನೇ. ಪಾಪ, ತಾತನದೇನೂ ಇಲ್ಲ. ತಿಂಗಳಿಂದ ಆ ಪಾದದ ಕೊಳೆ ತೆಗೀತಿದ್ದೆ. ಕೊಳೆ ಹೋದ ಹಾಗೆಲ್ಲ ನೀಲಿಗಟ್ಟಿದ ಬೆರಳು ಕಾಣಿಸ್ತು. ನಿನ್ನೆ ಕೆಲಸ ಮುಗೀತು, ಮನೆಗೆ ಹೋಗೋಕೆ ಕಾಲೇ ಬರಲಿಲ್ಲ. ನನ್ನ ಕೂಸು ಮನೇಲಿ ಬೆಚ್ಚಗಿರುತ್ತಲ್ಲ, ಒಂದು ರಾತ್ರಿ ಇದೂ ಇರಲಿ ಅನ್ನಿಸ್ತು. ಬರೀ ನೀರುಬಣ್ಣ. ಕೆಳಗೆ ವಾರ್ನಿಷ್ ಇದೆ, ಒದ್ದೆ ಹತ್ತಿಗೆ ಬಂದುಬಿಡುತ್ತೆ. ಬಾಗಿಲು ತೆಗೆಯೋ ಮೊದಲೇ ಒರೆಸೋಣ ಅಂತಿದ್ದೆ. ಬೆಳಗಿನ ಜಾವ ಕೂಸು ಕೊನೆಗೂ ಮಲಗಿತು, ನಾನೂ ಅದರ ಜೊತೆ..."

"ನಿದ್ದೆ ಹೋದಿರಿ," ಎಂದಳು ಇನ್‌ಸ್ಪೆಕ್ಟರ್. ಆ ನಿದ್ದೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ನಿರ್ದೇಶಕರು ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ಕೊನೆಗೆ ಅಕ್ಕನತ್ತ ತಿರುಗಿದರು.

"ಇರಲಿ ಬಿಡಮ್ಮ. ಒರೆಸಬೇಡ."

"ಒರೆಸಲೇಬೇಕು ಸಾರ್. ಕಾಲುಚೀಲ ಇದ್ರೆ ನೋಡಿದೋರು ನೆಮ್ಮದಿಯಾಗಿ ಮನೆಗೆ ಹೋಗಿಬಿಡ್ತಾರೆ. ಹಾಗೆ ಹೋಗಬಾರದು ಅಂತಾನೇ ಇದನ್ನ ಬರೆದಿರೋದು."

ಅವಳು ಹತ್ತಿ ನೆನೆಸಿ ಮೆಲ್ಲನೆ ಒರೆಸಿದಳು. ನೀಲಿಗಟ್ಟಿದ ಬೆರಳಿನ ಪುಟ್ಟ ಪಾದಗಳು ಮತ್ತೆ ಬರಿದಾದವು. ಇಣುಕುತ್ತಿದ್ದವರು ಒಬ್ಬೊಬ್ಬರೇ ಒಳಗೆ ಬಂದು ನಿಂತರು.

"ದೂರು ವಾಪಸ್ ತಗೋತೀನಿ ಮೇಡಂ," ಎಂದರು ನಿರ್ದೇಶಕರು. ತಾತನ ಕಿವಿಯ ಬಳಿ ಬಗ್ಗಿ, "ತಪ್ಪಾಯ್ತು ತಾತ. ಹೋಗಿ ಕೂತ್ಕೊಳ್ಳಿ," ಎಂದು ಪಿಸುಗುಟ್ಟಿದರು.

ತಾತ ಜಗ್ಗಲಿಲ್ಲ. "ಬೈದಿದ್ದು ಇಷ್ಟು ಮೆಲ್ಲಗಲ್ಲ ಸಾರ್."

ಇನ್‌ಸ್ಪೆಕ್ಟರಿಗೆ ಮತ್ತೆ ಕೆಮ್ಮು.

"ತಪ್ಪಾಯ್ತು ತಾತ!" ನಿರ್ದೇಶಕರು ದನಿಯೇರಿಸಿದರು.

"ಬೈಗುಳ ಆ ಕೊನೇ ಕೋಣೆಗೂ ಕೇಳಿಸಿತ್ತು."

ನಿರ್ದೇಶಕರು ಕೊನೆಯ ಕೋಣೆಯತ್ತ ತಿರುಗಿ, ಎದೆ ತುಂಬ ಉಸಿರೆಳೆದುಕೊಂಡು ಕೂಗಿದರು. ಅಲ್ಲಿಂದ ಯಾರೋ, "ಕೇಳಿಸ್ತು!" ಎಂದರು. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ಗಟ್ಟಿಯಾಗಿ ನಕ್ಕಳು. ತಾತ ಟೋಪಿ ಸರಿಮಾಡಿಕೊಂಡು, ಮದುಮಗನ ಗತ್ತಿನಲ್ಲಿ ನಡೆದು ತನ್ನ ಕುರ್ಚಿಯಲ್ಲಿ ಕೂತ.