ತುಟಿಗೆ ಕೂಡಿದ ಹೆಸರು

"ಶಾಪದ ಸಾಲಲ್ಲಿ ಹೆಸರು ಬರೋ ಜಾಗಕ್ಕೆ ಚಿಟಿಕೆ ಹೊಡಿ. ನಿಂಗೆ ಗೊತ್ತಿರೋ ಯಾರ ಹೆಸರನ್ನೂ ಅಲ್ಲಿ ಇಡಬೇಡ. ತಮಾಷೆಗೂ ಇಡಬೇಡ," ಎಂದಳು ದೊಡ್ಡಮ್ಮ.

ಆಕೆ ನಿಜಕ್ಕೂ ಯಾರಿಗೂ ದೊಡ್ಡಮ್ಮನಲ್ಲ. ಹೊರದೇಶದ ಸಿನಿಮಾಗಳಿಗೆ ನಮ್ಮ ಮಾತು ಕೂಡಿಸುವ ಆ ಡಬ್ಬಿಂಗ್ ಸ್ಟುಡಿಯೋದಲ್ಲಿ ಮಾಟಗಾತಿ, ಪಿಶಾಚಿ, ಕೇಡಿ ಅತ್ತೆ ಹೀಗೆ ಸಕಲರಿಗೂ ವರ್ಷಗಟ್ಟಲೆ ದನಿ ಕೊಟ್ಟು ಆ ಹೆಸರು ಗಳಿಸಿದ್ದಳು. ಈಗ ಗಂಟಲು ಕೈಕೊಟ್ಟಿತ್ತು. ತನ್ನ ಜಾಗಕ್ಕೆ ಬಂದ ಹೊಸಬಳಿಗೆ ಹೆಡ್‌ಫೋನು ಒಪ್ಪಿಸಿ ಹೋಗಲು ಬಂದಿದ್ದಳು.

ಹೊಸಬಳನ್ನು ಎಲ್ಲರೂ ಕರೆಯುತ್ತಿದ್ದುದು ರೇಡಿಯೋ ಎಂದು. ಮೊನ್ನೆಮೊನ್ನೆಯವರೆಗೂ ಅವಳು ರೇಡಿಯೋದಲ್ಲಿ ಕೂತು, ಆಗಷ್ಟೇ ನೋಡಿದ ದೆವ್ವದ ಸಿನಿಮಾಗಳ ಬಗ್ಗೆ ಬಾಯಿಗೆ ಬಂದದ್ದನ್ನು ಹರಟಿ ಊರನ್ನೆಲ್ಲ ನಗಿಸುತ್ತಿದ್ದಳು. ಕೆಲಸ ಬಿಟ್ಟರೂ ಚಾಳಿ ಬಿಟ್ಟಿರಲಿಲ್ಲ.

"ನಿನ್ನೆ ಒಂದು ರಾಕ್ಷಸನ ಸಿನಿಮಾ ನೋಡ್ದೆ ದೊಡ್ಡಮ್ಮ. ರಾಕ್ಷಸ ಬರೋವರೆಗೂ ಭಯ ಇತ್ತು. ಬಂದು ತಿರುಗಿದ ನೋಡಿ, ಬೆನ್ನಲ್ಲಿ ಜಿಪ್ ಕಾಣಿಸ್ತು! ಅದರ ಹಿಂದಿನ ದಿನ ಒಂದು ಮಾಟಗಾತಿಯರ ಪಂಥದ ಸಿನಿಮಾ. ಹತ್ತಾರು ಹೆಂಗಸರು ಬಿಳಿ ಬಟ್ಟೆ ಹಾಕ್ಕೊಂಡು ಬೆಂಕಿ ಸುತ್ತ ಕೂತಿದ್ದಾರೆ, ಒಬ್ಬಳಿಗೂ ತಲೆ ಬಾಚೋಕೆ ಪುರುಸೊತ್ತಿಲ್ಲ. ಇಂಥವರು ಹಾಕೋ ಶಾಪಕ್ಕೆ ನಾನು ಹೆದರಬೇಕಾ?"

ದೊಡ್ಡಮ್ಮ ನಗಲಿಲ್ಲ. "ನೋಡೋದು ಬೇರೆ, ಬಾಯಲ್ಲಿ ಹೇಳೋದು ಬೇರೆ ಕಣೇ," ಎಂದಷ್ಟೇ ಹೇಳಿ, ಚೀಲ ಹೆಗಲಿಗೇರಿಸಿಕೊಂಡು ಹೊರಟಳು.

ರೇಡಿಯೋ ದನಿ ಕೊಡಬೇಕಾಗಿದ್ದುದೂ ಅಂಥದೇ ಒಂದು ಪಂಥದ ಸಿನಿಮಾಕ್ಕೆ. ಬತ್ತಿದ ಬಾವಿಯ ಸುತ್ತ ಕೂತ ಮುದುಕಿಯರು. ಅವರಲ್ಲಿ ಹಿರಿಯಳು, ಬಿಳಿಗಣ್ಣಿನವಳು, ತಮಗೆ ಎರಡು ಬಗೆದ ಹುಡುಗಿಯೊಬ್ಬಳ ಹೆಸರು ಹಿಡಿದು ಶಾಪ ಹಾಕುತ್ತಾಳೆ. ಇಡೀ ಸಿನಿಮಾ ನಿಂತಿರುವುದೇ ಆ ಒಂದು ದೃಶ್ಯದ ಮೇಲೆ. ದನಿ ಕೊಡುವವರಿಗೆ ಮಾತಿಗಿಂತ ತುಟಿಯದೇ ದೊಡ್ಡ ತಲೆನೋವು. ಪರದೆಯ ಮೇಲಿನ ತುಟಿ ಮುಚ್ಚಿದಾಗ ಇಲ್ಲಿಯ ತುಟಿಯೂ ಮುಚ್ಚಬೇಕು, ಅದು ತೆರೆದಾಗ ಇದೂ ತೆರೆಯಬೇಕು. ಮೂಲದ ಹೆಸರೋ, ನಮ್ಮ ನಾಲಿಗೆಗೆ ಹೊರಳದಂಥದ್ದು. "ಸದ್ಯಕ್ಕೆ ತುಟಿಗೆ ಕೂಡೋದು ಯಾವುದಾದ್ರೂ ಹೇಳಿ, ಆಮೇಲೆ ನೋಡೋಣ," ಎಂದ ನಿರ್ದೇಶಕ.

ಬಾಗಿಲು ಮುಚ್ಚಿತು. ದಪ್ಪ ಸ್ಪಂಜು ಬಡಿದ ಗೋಡೆಗಳು ಹೊರಗಿನ ಸದ್ದನ್ನೆಲ್ಲ ಹೀರಿಕೊಂಡವು. ಹಳೆಯ ಜಮಖಾನದ ಮುಗ್ಗಲು ವಾಸನೆ, ಮೈಕಿನ ಬಟ್ಟೆಯಲ್ಲಿ ಯಾರ್‍ಯಾರದೋ ಉಸಿರಿನ ವಾಸನೆ. ಕತ್ತಲಲ್ಲಿ ಉರಿಯುತ್ತಿದ್ದುದು ಪರದೆಯೊಂದೇ. ಗಾಜಿನ ಆಚೆ ಸೌಂಡಿನವನ ಮುಖ ನೀರಿನಡಿಯಲ್ಲಿದ್ದಂತೆ ಮಸುಕಾಗಿ ಕಾಣುತ್ತಿತ್ತು.

ಮೊದಲು ಚಿಟಿಕೆ ಹೊಡೆದೇ ನೋಡಿದಳು. ಉಸಿರು ನಡುವೆ ಕಡಿದು ಶಾಪ ಸಪ್ಪೆಯಾಯಿತು. ಮತ್ತೆ ನೋಡಿದಳು. ಮುದುಕಿಯ ತುಟಿ ಕೂಡುತ್ತದೆ, ಗುಂಡಗಾಗುತ್ತದೆ, ಮತ್ತೆ ಕೂಡಿ ಅಗಲವಾಗುತ್ತದೆ. ಇಂಥದೇ ಒಂದು ಹೆಸರನ್ನು ಅವಳು ದಿನವೂ ಹತ್ತಾರು ಸಲ ಕೂಗುತ್ತಿದ್ದಳು. ಸ್ನಾನಕ್ಕೆ ಬಾ ಎಂದು, ಚಪ್ಪಲಿ ಹಾಕಿಕೋ ಎಂದು, ಗೋಡೆಯ ಮೇಲೆ ಗೀಚಬೇಡವೆಂದು.

"ನಿನ್ನ ಬಾಯಿಗೆ ಬಂದ ತುತ್ತು ಬೂದಿಯಾಗಲಿ. ಕುಡಿದ ನೀರು ಮಣ್ಣಾಗಲಿ. ಹಸಿವೊಂದೇ ನಿನ್ನಲ್ಲಿ ಬೆಳೆಯಲಿ, ಉಳಿದದ್ದೆಲ್ಲ ಕರಗಲಿ... ಬೊಮ್ಮಿ!"

ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂಡಿತು. ಹೆಡ್‌ಫೋನಿನೊಳಗೆ, ಕಿವಿಯ ಪಕ್ಕದಲ್ಲೇ, ಯಾರೋ ಗುಟುಕ್ಕೆಂದು ನುಂಗಿದ ಸದ್ದಾಯಿತು. ತನ್ನದೇ ಗಂಟಲಿರಬೇಕೆಂದುಕೊಂಡಳು.

"ಅದ್ಭುತ! ಇದೇ ಇರ್ಲಿ, ಮುಟ್ಟಬೇಡಿ," ಎಂದು ನಿರ್ದೇಶಕ ಕುಣಿದಾಡಿದ. "ಯಾರ್ರೀ ಬೊಮ್ಮಿ?"

"ನನ್ನ ಮಗಳು," ಎಂದು ನಕ್ಕಳು ರೇಡಿಯೋ. "ಊಟಕ್ಕೆ ಸತಾಯಿಸ್ತಾಳೆ, ಅದಕ್ಕೇ ಅಷ್ಟು ಚೆನ್ನಾಗಿ ಬಂತು!" ನಿರ್ದೇಶಕನೂ ನಕ್ಕ. ಸೌಂಡಿನವನು ಮಾತ್ರ ಬಿಸಿ ತಾಗಿದವನಂತೆ ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟ.

ಸಂಜೆ ಮನೆಯಲ್ಲಿ ಬೊಮ್ಮಿ ಹಾಲಿನಲ್ಲಿ ಅದ್ದಿದ ಬ್ರೆಡ್ಡನ್ನು ಬಾಯಿಗಿಟ್ಟು ಥೂ ಎಂದು ಉಗಿದಳು.

"ಅಮ್ಮಾ, ಇದು ಸುಟ್ಟೋಗಿದೆ."

"ನಾಟಕ ಸಾಕು," ಎನ್ನುತ್ತಾ ಒರೆಸಲು ಬಗ್ಗಿದ ರೇಡಿಯೋ ಹಾಗೇ ನಿಂತುಬಿಟ್ಟಳು. ನೆಲದ ಮೇಲೆ ಬಿದ್ದದ್ದು ಬ್ರೆಡ್ಡಲ್ಲ. ಬೂದಿ. ಬೆರಳಿಗೆ ನುಣ್ಣಗೆ ಅಂಟಿತು. ಆರಿದ ಒಲೆಯ ವಾಸನೆ ಮೂಗಿಗೆ ಬಡಿಯಿತು.

ಬಾಳೆಹಣ್ಣು ಕೊಟ್ಟರು, ಬೂದಿ. ಬಿಸ್ಕತ್ತು ಕೊಟ್ಟರು, ಬೂದಿ. ನೀರು ಕುಡಿಸಿದರೆ ಕೆಸರು ಕಕ್ಕಿದಳು. ಆಸ್ಪತ್ರೆಯಲ್ಲಿ ಹೊಟ್ಟೆಯ ಚಿತ್ರ ತೆಗೆದರು, ರಕ್ತ ತೆಗೆದರು, ಎಲ್ಲ ಸರಿಯಾಗಿದೆ ಎಂದರು. ಮಗು ಏನೋ ತಿಂದಿರಬೇಕು, ಮೇಲೆ ಕಣ್ಣಿಡಿ ಎಂದು ಡಾಕ್ಟರು ತಾಯಿಯನ್ನೇ ಗದರಿದರು. ಕೈಗೆ ಸೂಜಿ ಚುಚ್ಚಿ ಹನಿಹನಿಯಾಗಿ ಇಳಿಸಿದ ನೀರಿನಿಂದ ಜೀವ ಉಳಿಯಿತೇ ವಿನಾ ಹಸಿವು ಹೋಗಲಿಲ್ಲ. "ಹಸಿವು ಅಮ್ಮಾ, ಹಸಿವು," ಎಂದು ಬೊಮ್ಮಿ ದಿಂಬಿನ ತುದಿಯನ್ನು ಕಚ್ಚುತ್ತಿದ್ದಳು. ಕೆನ್ನೆ ಇಳಿಯಿತು. ಕಣ್ಣು ಮಾತ್ರ ದೊಡ್ಡವಾದವು.

ಉಳಿದ ದೃಶ್ಯಗಳನ್ನು ಮುಗಿಸಿಕೊಡಿ ಎಂದು ನಿರ್ದೇಶಕ ಗೋಗರೆದ. ಗಂಡನನ್ನು ಆಸ್ಪತ್ರೆಯಲ್ಲಿ ಬಿಟ್ಟು ರೇಡಿಯೋ ಸ್ಟುಡಿಯೋಗೆ ಓಡಿದಳು. ನಿರ್ದೇಶಕ ಶಾಪದ ದೃಶ್ಯವನ್ನು ಯಾರಿಗೋ ಹಾಕಿ ತೋರಿಸುತ್ತಿದ್ದ. "ಬೊಮ್ಮಿ!" ಎಂದು ಅವಳದೇ ದನಿ ಗೋಡೆ ನಡುಗುವಂತೆ ಕೂಗಿತು. ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು.

"ಮತ್ತೆ ಕಕ್ಕಿದ್ಲು ಕಣೇ! ಹೊಟ್ಟೇಲಿ ಏನೂ ಇಲ್ಲ, ಆದ್ರೂ ಬೂದಿ!" ಎಂದು ಗಂಡ ಅಳುತ್ತಿದ್ದ.

"ಇನ್ನೊಂದ್ಸಲ ಹಾಕಪ್ಪ, ಸೌಂಡು ಜಾಸ್ತಿ ಮಾಡಿ," ಎಂದ ನಿರ್ದೇಶಕ.

ಹಾಕಿದರು. ಫೋನು ಹೊಡೆದುಕೊಂಡಿತು.

ರೇಡಿಯೋ ಕಿರುಚಿದಳು. ಎಲ್ಲರೂ ತಿರುಗಿ ನೋಡಿದರು. ಸೌಂಡಿನವನೊಬ್ಬನಿಗೆ ಅರ್ಥವಾಯಿತು. ಬೆವೆತ ಬೆರಳುಗಳಿಂದ ಗುಂಡಿ ಒತ್ತಿ ಅವನು ಆ ಸಾಲನ್ನು ಅಳಿಸಿಹಾಕಿದ. ಒಂದು ನಿಮಿಷ ಅವಳಿಗೆ ಹೋದ ಜೀವ ಬಂದಂತಾಯಿತು.

ಆಸ್ಪತ್ರೆಗೆ ಬಂದರೆ ಬೊಮ್ಮಿ ಕಣ್ಣು ಬಿಡುತ್ತಿರಲಿಲ್ಲ. ಅರೆತೆರೆದ ಬಾಯಿಯಿಂದ ಉಸಿರು ಬಿಟ್ಟಾಗಲೆಲ್ಲ ಬೂದಿ ತಾನೇ ತಾನಾಗಿ ದಿಂಬಿನ ಮೇಲೆ ಉದುರುತ್ತಿತ್ತು.

ದೊಡ್ಡಮ್ಮನ ಮನೆಯ ಬಾಗಿಲು ತೆರೆಯುತ್ತಲೇ ರೇಡಿಯೋ ಅವಳ ಕಾಲು ಹಿಡಿದಳು.

"ಅಳಿಸಿಬಿಟ್ರಾ?" ದೊಡ್ಡಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪಾಪಿಗಳಾ! ಅದು ಅರ್ಧ ಆ ದನೀಲಿ ಇತ್ತು, ಅರ್ಧ ಮಗೂನಲ್ಲಿ. ಈಗ ಪೂರ್ತಿ ಮಗೂನಲ್ಲೇ ಕೂತಿದೆ."

"ಎಬ್ಬಿಸೋದು ಹೇಗೆ ಹೇಳಿ. ಏನು ಬೇಕಾದ್ರೂ ಮಾಡ್ತೀನಿ."

"ಅದೇ ಬಾಯಿ, ಅದೇ ಸಾಲು. ಹೆಸರು ಮಾತ್ರ ಬೇರೆ."

"ಸಿನಿಮಾದ ಹೆಸರೇ ಹಾಕಿಬಿಡ್ತೀನಿ!"

"ತಿನ್ನೋಕೆ ಕೂತಿರೋದು ಖಾಲಿ ತಟ್ಟೆ ನೋಡಿ ಎದ್ದುಹೋಗುತ್ತಾ? ಬದುಕಿರೋರ ಹೆಸರು ಬೇಕು," ಎಂದು ಪಿಸುಗುಟ್ಟಿದಳು ದೊಡ್ಡಮ್ಮ.

ಇಬ್ಬರೂ ಟ್ಯಾಕ್ಸಿ ಹತ್ತಿದರು; ಸ್ಟುಡಿಯೋದ ದಾರಿಯುದ್ದಕ್ಕೂ ರೇಡಿಯೋ ಹೆಸರುಗಳನ್ನು ಹುಡುಕಿದಳು. ಹುಡುಕಿದಳು, ಸುಳ್ಳೇಕೆ. ಕುಣಿದಾಡಿದ ನಿರ್ದೇಶಕ. ಗದರಿದ ಡಾಕ್ಟರು. ಎಂದೋ ಜಗಳವಾಡಿದ್ದ ನೆರೆಯವಳು. ರಸ್ತೆ ದಾಟುತ್ತಿದ್ದ, ಗೊತ್ತಿಲ್ಲದ ಜನ. ಇವರಲ್ಲಿ ಒಬ್ಬರು ಇಲ್ಲದಿದ್ದರೆ ಏನಂತೆ? ಬೊಮ್ಮಿಗಿಂತ ಹೆಚ್ಚಿನವರು ಯಾರು? ಕೊನೆಗೆ ಕಣ್ಣು ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮನ ಮೇಲೆ ನಿಂತಿತು. ವಯಸ್ಸಾದವಳು. ಹಿಂದೆ ಮುಂದೆ ಯಾರೂ ಇಲ್ಲದವಳು.

ದೊಡ್ಡಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ನನ್ನ ಹೆಸರು ನಿಂಗೆ ಗೊತ್ತಿಲ್ಲ. ಆ ಸ್ಟುಡಿಯೋದಲ್ಲಿ ಯಾರಿಗೂ ಹೇಳಿಲ್ಲ. ಅದಕ್ಕೇ ಇಷ್ಟು ವರ್ಷ ಬದುಕಿದೀನಿ."

ರೇಡಿಯೋಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಆಮೇಲೆ ಅವಳು ಯಾರ ಮುಖವನ್ನೂ ನೋಡಲಿಲ್ಲ.

ಬಾಗಿಲು ಮುಚ್ಚಿತು. ಕತ್ತಲು. ಪರದೆಯ ಮೇಲೆ ಬಿಳಿಗಣ್ಣು. ಮೈಕಿನ ಬಟ್ಟೆಯಿಂದ ಈಗ ಸುಟ್ಟ ವಾಸನೆ. ಗಾಜಿನಾಚೆ ಸೌಂಡಿನವನು ಕೈ ಎತ್ತಿದ. ಇಳಿಸಿದ.

ತುತ್ತು ಬೂದಿಯಾಗಲಿ ಎಂದಳು. ಹೆಡ್‌ಫೋನಿನಲ್ಲಿ ಯಾರೋ ಉಸಿರಾಡಿದರು. ನೀರು ಮಣ್ಣಾಗಲಿ ಎಂದಳು. ಉಸಿರು ಹತ್ತಿರ ಬಂತು. ಹಸಿವೊಂದೇ ಬೆಳೆಯಲಿ. ಕಿವಿಗೆ ಬಿಸಿ ತಾಗಿತು. ಉಳಿದದ್ದೆಲ್ಲ ಕರಗಲಿ. ಈಗ ಹೆಸರು. ಬದುಕಬೇಕು ಅನಿಸಿತು. ತುಂಬ ಅನಿಸಿತು. ಮುದುಕಿಯ ತುಟಿ ಕೂಡಿತು. ಇನ್ನು ತಡಮಾಡುವಂತಿಲ್ಲ. ರೇಡಿಯೋ ಕಣ್ಣು ಮುಚ್ಚಿ, ಹೆತ್ತವರು ತನಗಿಟ್ಟ ಹೆಸರನ್ನು ಕೂಗಿದಳು.

ಗುಟುಕ್.

ನಾಲಿಗೆಯ ಮೇಲೆ ಏನೋ ನುಣ್ಣಗೆ ಹರಡಿತು. ಕೆಮ್ಮಿದಳು. ಅಂಗೈ ಬೂದು ಬಣ್ಣಕ್ಕೆ ತಿರುಗಿತು. ಫೋನು ಹೊಡೆದುಕೊಂಡಿತು.

"ಕುಡಿದ್ಲು ಕಣೇ! ಹಾಲು ಕುಡಿದ್ಲು! ಎಲ್ಲಿದೀಯ ನೀನು, ಬೇಗ ಬಾ!"

ಗಂಡನಿಗೆ ಅವಳು ಏನನ್ನೂ ಹೇಳಲಿಲ್ಲ. ಹೇಳಿದರೆ ಇನ್ನೊಬ್ಬರ ಹೆಸರು ಹೇಳೆಂದು ಅವನು ಅಂಗಲಾಚುತ್ತಿದ್ದ. ಅವಳು ಹೇಳಿಯೂ ಬಿಡುತ್ತಿದ್ದಳೇನೋ.

ಸಿನಿಮಾ ಬಂತು. ತುಟಿ ಕೊಂಚ ತಪ್ಪಿದರೂ ದನಿ ಹೊಟ್ಟೆಯೊಳಗಿಂದ ಬಂದಿದೆಯೆಂದು ನಿರ್ದೇಶಕ ಅದನ್ನೇ ಉಳಿಸಿಕೊಂಡಿದ್ದ. ಈಗ ರೇಡಿಯೋ ಗೋಡೆಗೆ ಒರಗದೆ ಕೂರಲಾರಳು. ಬಳೆ ಮೊಳಕೈವರೆಗೆ ಜಾರುತ್ತದೆ. ಒಂದೊಂದು ಸಲ, ಯಾರೂ ಏನೂ ತಿನ್ನಿಸದಿದ್ದರೂ, ಬಾಯಿ ತಾನಾಗಿ ಬೂದಿಯಿಂದ ತುಂಬಿಕೊಳ್ಳುತ್ತದೆ. ಎಲ್ಲೋ ಯಾರೋ ಆ ದೃಶ್ಯ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಾಗುತ್ತದೆ.

ಹೆಂಡತಿಯನ್ನು ಹೇಗಾದರೂ ನಗಿಸಬೇಕೆಂದು ಗಂಡ ಫೋನು ಹಿಡಿದುಕೊಂಡು ಬಂದ. ಮತ್ತೊಂದು ಕೈಯಲ್ಲಿ ಮಗಳ ಊಟದ ಬಟ್ಟಲು.

"ಕೇಳಿಲ್ಲಿ. ಒಬ್ಬ ಬರೆದಿದ್ದಾನೆ, 'ಕತೆ ಸುಮಾರು. ಬಾವಿಯಿಂದ ಎದ್ದು ಬರೋ ಭೂತ ಒದ್ದೆ ಕಂಬಳಿ ಥರ ಇದೆ. ಆದ್ರೆ ಆ ಅಜ್ಜಿ ಶಾಪ ಹಾಕೋದನ್ನ ಮಾತ್ರ ಮತ್ತೆ ಮತ್ತೆ ಹಾಕ್ಕೊಂಡು ನೋಡ್ದೆ.' ಕೆಳಗೆ ಎಲ್ಲರೂ ನಾನೂ ನಾನೂ ಅಂತಿದ್ದಾರೆ!"

ಮಾತಾಡುತ್ತಲೇ ಅವನು ಆ ದೃಶ್ಯ ಹಾಕಿದ. ರೇಡಿಯೋ ಸೆರಗು ಬಾಯಿಗೆ ಒತ್ತಿಕೊಂಡು ಮುಖ ತಿರುಗಿಸಿದಳು.

"ಅಮ್ಮನ ಹೆಸರು! ಅಮ್ಮನ ದನಿ!" ಬೊಮ್ಮಿ ಚಪ್ಪಾಳೆ ತಟ್ಟಿ ನಕ್ಕಳು. ಕಾಯಿಲೆಯ ಭಯಕ್ಕೆ ತುತ್ತೆಂದರೆ ಇನ್ನೂ ಹಲ್ಲು ಕಚ್ಚುತ್ತಿದ್ದ ಮಗು ನಗುತ್ತ ಬಾಯಿ ತೆರೆಯಿತು. ಅಪ್ಪ ಆ ಹೊತ್ತಿಗೇ ಕಾದಿದ್ದವನಂತೆ ಒಂದು ಚಮಚ ಒಳಗಿಟ್ಟ. ಬೊಮ್ಮಿ ಅಗಿದು ನುಂಗಿದಳು.

"ಇನ್ನೊಂದ್ಸಲ ಹಾಕಿದ್ರೆ ಇನ್ನೊಂದು ತುತ್ತು," ಎಂದಳು.

"ನೋಡ್ದೇನೇ, ಎಂಥಾ ಕಳ್ಳಿ!" ಗಂಡನ ಕಣ್ಣು ತುಂಬಿತ್ತು. "ಹಾಕ್ಲಾ?"

ರೇಡಿಯೋ ಬಟ್ಟಲು ನೋಡಿದಳು. ಇನ್ನೂ ತುಂಬಿಯೇ ಇತ್ತು. ಸೆರಗನ್ನು ಮಡಿಚಿ, ಬೂದಿಯಾದ ಭಾಗವನ್ನು ಒಳಗೆ ಮಾಡಿಕೊಂಡಳು.

"ಹಾಕಿ," ಎಂದಳು. "ಅವಳ ಹೊಟ್ಟೆ ತುಂಬೋವರೆಗೂ ಹಾಕಿ."