ಹೆಸರಿಡದ ಹೂವು ಬೆಳೆದ ದ್ಯಾವಣ್ಣ

ಏಳು ದಿಣ್ಣೆ ಹತ್ತಿ ಏಳು ಹಳ್ಳ ಇಳಿದರೆ ಸಿಗುವಷ್ಟು ದೂರದಲ್ಲಿ, ಮುತ್ತಜ್ಜನ ಮುತ್ತಜ್ಜನೂ ತೊಟ್ಟಿಲಲ್ಲಿ ಕಾಲು ಝಾಡಿಸುತ್ತಿದ್ದ ಕಾಲಕ್ಕೆ, ಹೂಸೀಮೆ ಅಂತ ಒಂದು ರಾಜ್ಯವಿತ್ತು. ಅದಕ್ಕೆ ಚಂಪಕಸೇನ ಎಂಬ ರಾಜ. ರಾಜ ಅರಮನೆಯಲ್ಲಿದ್ದ, ಇರಲಿ ಬಿಡಿ, ಕತೆ ಅವನದಲ್ಲ. ಕತೆ ಮುಗುಳಿ ಎಂಬ ಹಳ್ಳಿಯ ದ್ಯಾವಣ್ಣನದು.

ದ್ಯಾವಣ್ಣ ಹೂ ಬೆಳೆಯುವವನು. ಅವನು ಒಣ ಕಡ್ಡಿ ನೆಟ್ಟರೆ ಮೂರನೆಯ ದಿನಕ್ಕೆ ಚಿಗುರು, ಆರನೆಯ ದಿನಕ್ಕೆ ಮೊಗ್ಗು. ಹಾಗಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನೂ ಅವನೇ. ಆದರೆ ಸುಳ್ಳೇನಲ್ಲ. ಅವನ ಹಿತ್ತಲಿನ ಹೂ ನೋಡಿದವರು ಬೇರೆಯವರ ಹಿತ್ತಲಿನ ಕಡೆ ಕತ್ತು ತಿರುಗಿಸುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಅಕ್ಕ, ಸಾತವ್ವ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅರಮನೆಯಲ್ಲಿ ಹೂ ಕಟ್ಟುವ ಕೆಲಸ ಅವಳದು.

ಹೀಗಿರುವಾಗ ಹೂಸೀಮೆಗೆ ಒಬ್ಬ ಮಾಯಾವಿ ಬಂದ. ಹೆಸರುಬಾಕ ಅಂತ ಅವನನ್ನು ಕರೆಯುತ್ತಿದ್ದರು. ಅವನ ಊಟವೇ ಹೂವಿನ ಹೆಸರು. "ಹಳದಿ ಸೇವಂತಿಗೆ, ಬಾ" ಅಂತ ಬಣ್ಣ ಸಮೇತ ಹೆಸರು ಹಿಡಿದು ಕೂಗಿದರೆ ಸಾಕು, ಆ ಕೂಗು ಕೇಳುವಷ್ಟು ದೂರದ ಹಳದಿ ಸೇವಂತಿಗೆಯೆಲ್ಲ ಬೂದಿಯಾಗಿ ಬೀಳುತ್ತಿತ್ತು. ಅದರ ಬಣ್ಣ, ಪರಿಮಳ, ಜೀವ ಎಲ್ಲವೂ ಅವನ ಹೊಟ್ಟೆಗೆ. ಕೈಯಿಂದ ಒಂದು ಎಲೆ ಕೀಳಲೂ ಅವನಿಗೆ ಬರುತ್ತಿರಲಿಲ್ಲ. ಜನ ಇಟ್ಟ ಹೆಸರನ್ನು ತಿನ್ನಬಲ್ಲ, ತಾನಾಗಿ ಒಂದು ಹೆಸರನ್ನೂ ಇಡಲಾರ. ಅಂಥವನು.

ಒಂದೇ ತಿಂಗಳಲ್ಲಿ ಅರಮನೆಯ ತೋಟ ಬೋಳಾಯಿತು. ಹೆಸರುಬಾಕ ತೋಟದ ಬುರುಜಿನ ಮೇಲೆ ಕೂತು ಹೊಟ್ಟೆ ಸವರಿಕೊಂಡ. "ಈ ಭೂಮಿಯ ಮೇಲೆ ನಾನು ತಿನ್ನಲಾಗದ ಹೂವಿಲ್ಲ. ಇದ್ದರೆ ನಾನು ಒಡೆದು ಹೋಗ್ತೀನಿ!"

ರಾಜ ತಲೆ ತಗ್ಗಿಸಿದ. ಮಂತ್ರಿ ತಲೆ ತಗ್ಗಿಸಿದ. ಕೆಲಸವಿಲ್ಲದೆ ಖಾಲಿ ನಾರು ಹಿಡಿದು ನಿಂತಿದ್ದ ಸಾತವ್ವನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. "ಇಲ್ಲದಿದ್ದರೆ ಏನಂತೆ? ಇಲ್ಲದ ಹೂವನ್ನ ನನ್ನ ತಮ್ಮ ಬೆಳೀತಾನೆ! ಅವನ ಕೈಗುಣ ನಿನಗೇನು ಗೊತ್ತೋ ಡೊಳ್ಳುಹೊಟ್ಟೆ?"

ಜಂಬ ಆ ಮನೆಯವರ ರಕ್ತದಲ್ಲೇ ಇತ್ತು.

ಹೆಸರುಬಾಕ ಬುರುಜಿನಿಂದಲೇ ಬೆರಳು ತೋರಿಸಿದ. ಸಾತವ್ವನ ಪಾದ ಎರಡೂ ಕಲ್ಲಾದವು. "ಮೂರು ಬೆಳೆ ಕೊಟ್ಟಿದ್ದೀನಿ. ನಿನ್ನ ಕಾಲ ಬುಡದಲ್ಲೇ, ನನ್ನ ಕಣ್ಣೆದುರಲ್ಲೇ ಬೆಳೆಯಲಿ. ಒಂದೊಂದು ಬೆಳೆ ಸೋತ ಹಾಗೂ ಕಲ್ಲು ಮೇಲೇರುತ್ತೆ. ಮೂರೂ ಸೋತರೆ ನೀನು ಪೂರ್ತಿ ಕಲ್ಲು."

ಸುದ್ದಿ ಕೇಳಿ ದ್ಯಾವಣ್ಣ ಓಡಿ ಬಂದ. ಅಕ್ಕನ ಕಲ್ಲುಪಾದ ಮುಟ್ಟಿ ನೋಡಿದ. ತಣ್ಣಗಿತ್ತು.

"ಅಳಬೇಡ ಮಗಾ. ಬೆಳೀತೀಯೋ ಇಲ್ಲವೋ ಹೇಳು" ಅಂದಳು ಸಾತವ್ವ.

"ಬೆಳೀತೀನಾ ಅಂತ ಕೇಳ್ತೀಯಲ್ಲಕ್ಕ! ಒಂದೇ ಬೆಳೆ ಸಾಕು. ಉಳಿದ ಎರಡು ಬೆಳೆ ಅವನೇ ಇಟ್ಟುಕೊಳ್ಳಲಿ."

ಹೊಸ ಹೂವು ಆಕಾಶದಿಂದ ಬೀಳುವುದಿಲ್ಲ, ಎರಡು ಹೂವಿಗೆ ಮದುವೆ ಮಾಡಿದರೆ ಹುಟ್ಟುತ್ತದೆ. ಅದು ದ್ಯಾವಣ್ಣನಿಗೆ ಗೊತ್ತಿತ್ತು. ಹೆಣ್ಣು ಅವನ ಹಿತ್ತಲಲ್ಲೇ ಇದ್ದಳು. ಮಾಯಾವಿಯ ಕೂಗು ಮುಟ್ಟದ ಮುಗುಳಿಯಲ್ಲಿ ಒಂದು ಕೆಂಪು ಕರ್ಣಕುಂಡಲದ ಗಿಡ ಉಳಿದಿತ್ತು. ಗಂಡು ಹುಡುಕಬೇಕಿತ್ತು. ಬೆಳ್ಳಿಗುಡ್ಡದ ತುದಿಯಲ್ಲಿ ಒಂದು ಬಿಳಿ ಕರ್ಣಕುಂಡಲ ಇದೆಯೆಂದೂ, ಅದನ್ನು ಒಂಬತ್ತು ಮಾರು ಉದ್ದದ ಹೆಬ್ಬಾವು ಸುತ್ತಿಕೊಂಡು ಕಾಯುತ್ತದೆಂದೂ ಕುರಿಗಾಹಿಗಳು ಹೇಳಿದರು.

ದ್ಯಾವಣ್ಣ ಗುಡ್ಡ ಹತ್ತಿದ. ಹೆಬ್ಬಾವು ತಲೆಯೆತ್ತಿತು. "ನನ್ನ ಗಿಡದಲ್ಲಿ ಅರವತ್ತೊಂದು ಹೂವಿದೆ. ನೀನು ಹೋಗುವಾಗ ಎಣಿಸ್ತೀನಿ. ಒಂದು ಕಡಿಮೆಯಾದರೂ ನುಂಗಿಬಿಡ್ತೀನಿ."

"ಒಂದು ಹೂವನ್ನೂ ಕೀಳಲ್ಲ ಹೆಬ್ಬಾವಪ್ಪ. ಹತ್ತಿರ ಕೂತು ನೋಡ್ಕೊಂಡು ಹೋಗ್ತೀನಿ, ಅಷ್ಟೇ."

ಹತ್ತಿರ ಕೂತ. ಅಳಿಲಿನ ಬಾಲದ ಕೂದಲಿನಿಂದ ಕಟ್ಟಿದ ಕುಂಚ ತೆಗೆದ. ಹೂವಿನೊಳಗಿನ ಪುಡಿಯನ್ನು, ಅದೇ ಪರಾಗವನ್ನು, ಮೆಲ್ಲಗೆ ಕುಂಚಕ್ಕೆ ಸವರಿಕೊಂಡು ಎಲೆದೊನ್ನೆಯಲ್ಲಿ ಮುಚ್ಚಿಟ್ಟ. ಹೆಬ್ಬಾವು ಒಂದರಿಂದ ಅರವತ್ತೊಂದರವರೆಗೆ ಎಣಿಸಿತು. ಸರಿಯಾಗಿತ್ತು. ಅನುಮಾನ ಬಂದು ಮತ್ತೆ ಎಣಿಸಿತು. ಆಗಲೂ ಸರಿಯಾಗಿತ್ತು.

"ಏನೋ ತಗೊಂಡಿದ್ದೀಯ, ಏನು ಅಂತ ಗೊತ್ತಾಗ್ತಿಲ್ಲ" ಅಂತು ಹೆಬ್ಬಾವು.

"ಮದುವೆಗೆ ಗಂಡು ಗೊತ್ತು ಮಾಡ್ಕೊಂಡು ಹೊರಟಿದ್ದೀನಿ" ಅಂದ ದ್ಯಾವಣ್ಣ. ಗುಡ್ಡ ಇಳಿಯುವಾಗ ಸಿಳ್ಳೆ ಬೇರೆ ಹಾಕಿದ.

ಹಿತ್ತಲಿಗೆ ಬಂದು, ಇನ್ನೂ ಅರಳದ ಕೆಂಪು ಮೊಗ್ಗುಗಳನ್ನು ಉಗುರಿನಿಂದ ಬಿಡಿಸಿದ. ಒಳಗಿದ್ದ ಅದರದೇ ಪುಡಿಯನ್ನು ಟೊಪ್ಪಿಗೆ ತೆಗೆದ ಹಾಗೆ ತೆಗೆದ. ಬಿಳಿ ಹೂವಿನ ಪುಡಿ ಸವರಿ, ದುಂಬಿ ಬಂದು ಕೆಡಿಸದ ಹಾಗೆ ತೆಳುಬಟ್ಟೆಯ ಗವಸು ಕಟ್ಟಿದ. ಕಾಯಿ ಬಲಿಯಿತು. ಬೀಜವನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಅರಮನೆಗೆ ಹೋಗಿ ಅಕ್ಕನ ಕಾಲ ಬುಡದಲ್ಲಿ ಮಣ್ಣು ಅಗೆದು ಮಡಿ ಮಾಡಿದ.

"ಅರ್ಧ ಬಿತ್ತು, ಅರ್ಧ ಇಟ್ಕೋ" ಅಂದಳು ಸಾತವ್ವ.

"ಯಾಕಕ್ಕ, ನನ್ನ ಮೇಲೆ ನಂಬಿಕೆ ಇಲ್ವಾ?"

"ಇದೆ ಕಣಪ್ಪ. ಅದಕ್ಕೇ ಅರ್ಧ ಅಂದಿದ್ದು. ಇಲ್ಲದಿದ್ದರೆ ಪೂರ್ತಿ ನಾನೇ ಇಟ್ಕೋತಿದ್ದೆ."

ಮೊದಲನೆಯ ಬೆಳೆ ಮೊಣಕಾಲೆತ್ತರಕ್ಕೆ ಬಂತು, ಮೊಗ್ಗು ಕಟ್ಟಿತು. ದ್ಯಾವಣ್ಣನಿಗೆ ನೆಲ ಕಾಣಲಿಲ್ಲ. ಅರಮನೆಯ ಬಾಗಿಲಲ್ಲಿ ನಿಂತು ಹೋಗುವವರನ್ನೆಲ್ಲ ಕರೆದ. "ನೋಡ್ರಪ್ಪ, ನಾಳೆ ಅರಳೋದು ಭೂಮಿ ಮೇಲೆ ಇಲ್ಲದ ಹೂವು. ಹೆಸರೂ ಇಟ್ಟಾಯ್ತು. ದ್ಯಾವರಾಯ! ಕೇಳಿಸ್ತಾ? ದ್ಯಾವರಾಯ!"

ಕೇಳಿಸಿತು. ಬುರುಜಿನ ಮೇಲೂ ಕೇಳಿಸಿತು. "ದ್ಯಾವರಾಯ, ಬಾ" ಅಂದ ಹೆಸರುಬಾಕ, ಆಕಳಿಸುತ್ತಾ. ಮೊಗ್ಗೆಲ್ಲ ಅರಳುವ ಮುಂಚೆಯೇ ಬೂದಿಯಾದವು. ಕಲ್ಲು ಸಾತವ್ವನ ಸೊಂಟಕ್ಕೆ ಬಂತು.

"ಮೊಗ್ಗು ಇನ್ನೂ ಬಾಯಿ ಬಿಟ್ಟಿಲ್ಲ, ನೀನು ಬಿಟ್ಟೆ" ಅಂದಳು ಸಾತವ್ವ. ಅಷ್ಟೇ ಅಂದದ್ದು. ದ್ಯಾವಣ್ಣನಿಗೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಅವತ್ತು ಅವನು ಊಟ ಮಾಡಲಿಲ್ಲ. ಮಾರನೆಯ ದಿನ ಇಟ್ಟುಕೊಂಡಿದ್ದ ಅರ್ಧ ಬೀಜ ಬಿತ್ತಿದ.

ಎರಡನೆಯ ಬೆಳೆಗೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ. ಗಿಡ ಬಂತು. ಮೊಗ್ಗು ಬಂತು. ಹೂವು ಅರಳಿತು. ಅರಳಿದ್ದೆಲ್ಲ ಕೆಂಪು! ತಾಯಿಯ ಹಾಗೇ ಕೆಂಪು, ಒಂದಾದರೂ ಬೇರೆ ಇಲ್ಲ. ಬಿಳಿಯ ಸುಳಿವೇ ಇಲ್ಲ. ಬುಡದ ಹೂಗಳು ಉದುರಿ ಕಾಯಿ ಬಲಿತರೂ ದ್ಯಾವಣ್ಣ ತುದಿಯ ಹೂಗಳನ್ನೇ ಕಾಯುತ್ತಿದ್ದ, ಒಂದಾದರೂ ಬೇರೆ ಬಂದೀತೆಂದು.

ಹೆಸರುಬಾಕ ಬುರುಜು ಇಳಿದು ಬಂದ. "ಇದೇನಾ ನಿನ್ನ ಹೊಸ ಹೂವು? ಇದನ್ನ ನಾನು ಹಲ್ಲು ಬರೋ ಮೊದಲೇ ತಿಂದಿದ್ದೀನಿ. ಕೆಂಪು ಕರ್ಣಕುಂಡಲ, ಬಾ!" ಹೂವೆಲ್ಲ ಬೂದಿ. ಮಾಯಾವಿ ಹೊಟ್ಟೆ ಹಿಡಿದು ಎಷ್ಟು ಜೋರಾಗಿ ನಕ್ಕನೆಂದರೆ, ಬುಡದಲ್ಲಿ ಬಲಿತಿದ್ದ ಕಾಯಿಗಳು ಆ ಅದುರಿಗೆ ಪಟಪಟನೆ ಸಿಡಿದವು. ಕರ್ಣಕುಂಡಲದ ಕಾಯಿ ಮೊದಲೇ ಮುಟ್ಟಿದರೆ ಸಿಡಿಯುವಂಥದು.

ಕಲ್ಲು ಸಾತವ್ವನ ಕತ್ತಿಗೆ ಬಂತು.

ದ್ಯಾವಣ್ಣ ಮಣ್ಣಿನಲ್ಲಿ ಕುಕ್ಕರಿಸಿದ. "ಅಕ್ಕ, ನನ್ನ ಕೈಗುಣ ಸುಳ್ಳಕ್ಕ. ಗಂಡಿನ ಗುರುತೇ ಇಲ್ಲದ ಮಕ್ಕಳು ಹುಟ್ಟಿದವಲ್ಲ."

"ಲೋ ದಡ್ಡ, ನನ್ನ ಮೂಗು ನೋಡು" ಅಂದಳು ಸಾತವ್ವ. "ಅವ್ವನಿಗೆ ಗಿಣಿಮೂಗು, ಅಪ್ಪನಿಗೆ ಉದ್ದ ಮೂಗು. ನನಗೆ ಈ ಮೊಂಡುಮೂಗು ಎಲ್ಲಿಂದ ಬಂತು?"

"ಅಜ್ಜಿಯಿಂದ."

"ಅಜ್ಜಿಯ ಮೂಗು ಅವ್ವನೊಳಗೆ ಬಚ್ಚಿಟ್ಟುಕೊಂಡಿತ್ತು. ಮೊಮ್ಮಗಳಲ್ಲಿ ಹೊರಗೆ ಬಂತು. ಮಕ್ಕಳನ್ನ ನೋಡಿ ಸೋತೆ ಅಂತೀಯಲ್ಲ, ಮೊಮ್ಮಕ್ಕಳನ್ನ ನೋಡಿದೆಯಾ? ನನ್ನ ಸೆರಗಿನ ನೆರಿಗೆಯಲ್ಲಿ ಕೈ ಹಾಕು."

ಕಲ್ಲಾದ ಸೆರಗಿನ ನೆರಿಗೆಗಳಲ್ಲಿ ಸಿಡಿದ ಬೀಜಗಳು ಬಂದು ಕೂತಿದ್ದವು. ದ್ಯಾವಣ್ಣ ಒಂದೊಂದಾಗಿ ಆರಿಸಿದ. ನಲವತ್ತೇಳು. ಈ ಸಲ ಎಲ್ಲವನ್ನೂ ಬಿತ್ತಿದ. ಉಳಿಸಿಕೊಳ್ಳಲು ಇನ್ನೊಂದು ಬೆಳೆ ಇರಲಿಲ್ಲ.

ಮೂರನೆಯ ಬೆಳೆ ಎದ್ದಿತು. ಈ ಸಲ ಕಲ್ಲು ಸೋಲಿನವರೆಗೂ ಕಾಯಲಿಲ್ಲ, ಗಿಡ ಗೇಣುದ್ದ ಬೆಳೆದ ಹಾಗೆಲ್ಲ ಬೆರಳಷ್ಟು ಮೇಲೇರುತ್ತಿತ್ತು. ಮೊಗ್ಗು ಬಣ್ಣ ತಿರುಗಿದ ಬೆಳಿಗ್ಗೆ ದ್ಯಾವಣ್ಣ ಸಾಲಿನಲ್ಲಿ ಬಗ್ಗಿ ನೋಡುತ್ತಾ ಹೋದ. ಕೆಂಪು, ಕೆಂಪು, ಬಿಳಿ, ಕೆಂಪು. ಕೊನೆಯ ಸಾಲಿನ ಮೂಲೆಯ ಗಿಡದ ಹತ್ತಿರ ಕುಕ್ಕರಿಸಿದ. ಕೆಂಪಲ್ಲ, ಬಿಳಿಯಲ್ಲ. ಪಾರಿವಾಳದ ಕತ್ತಿನ ಬಣ್ಣ. ಈ ಕಡೆಯಿಂದ ನೋಡಿದರೆ ಬೂದುನೀಲಿ, ಆ ಕಡೆಯಿಂದ ನೋಡಿದರೆ ಹಸಿರು ಮಿಂಚು.

"ಅಕ್ಕ!" ಅಂತ ತಿರುಗಿದ.

"ನೋಡಿದೆ ಕಣೋ" ಅಂದಳು ಸಾತವ್ವ. "ದ್ಯಾವಾ, ನಿನ್ನ ಬಾಯಿ..." ಮಾತು ಅಲ್ಲೇ ನಿಂತಿತು. ಅವಳ ತುಟಿ ಕಲ್ಲಾಗಿತ್ತು. ಕಣ್ಣೆರಡು ಮಾತ್ರ ತಮ್ಮನನ್ನೇ ನೋಡುತ್ತಿದ್ದವು.

ಬುರುಜಿನ ಮೇಲೆ ಹೆಸರುಬಾಕನಿಗೆ ಮೊದಲ ಬಾರಿಗೆ ಹಸಿವಾಗಿ ಹೊಟ್ಟೆ ಗುರುಗುಟ್ಟಿತು. ಆ ಬಣ್ಣಕ್ಕೆ ಅವನಿಗೆ ಹೆಸರು ಗೊತ್ತಿರಲಿಲ್ಲ. ಬೆಳೆದವನ ಬಾಯಿಂದಲೇ ಹೊರಡಿಸಬೇಕು ಅಂತ ಒಂದು ಮಾಯದ ಹುಲಿಯನ್ನು ಕಳಿಸಿದ.

"ಹೂವಿಗೆ ಹೆಸರೇನಿಟ್ಟೆ ಹೇಳು. ಹೇಳದಿದ್ದರೆ ತಿಂತೀನಿ" ಅಂತು ಹುಲಿ.

"ತಿನ್ನು. ತಿಂದ ಮೇಲೆ ಯಾರನ್ನ ಕೇಳ್ತೀಯ?" ಅಂದ ದ್ಯಾವಣ್ಣ.

ಹುಲಿ ಬಾಲ ನೆಲಕ್ಕೆ ಬಡಿಯುತ್ತಾ ಬಹಳ ಹೊತ್ತು ಯೋಚಿಸಿತು. ಬಂದ ದಾರಿಯಲ್ಲೇ ಹೋಯಿತು.

ಆಮೇಲೆ ಬಂದದ್ದು ಒಂದು ಪುಟ್ಟ ಗಿಳಿ. ಚಿನ್ನದ ಕೊಕ್ಕು, ಜೇನಿನಂಥ ದನಿ. ಅವನ ಭುಜದ ಮೇಲೆ ಕೂತಿತು. "ಅಬ್ಬಬ್ಬಾ ದ್ಯಾವಣ್ಣ! ಐವತ್ತಾರು ದೇಶ ಸುತ್ತಿದ್ದೀನಿ, ಇಂಥ ಹೂವು ಕಂಡಿಲ್ಲ, ಇಂಥ ಗಂಡಸನ್ನೂ ಕಂಡಿಲ್ಲ. ರಾಜರ ಪದ ಹಾಡಿ ಸಾಕಾಯ್ತು, ಇನ್ನು ನಿನ್ನ ಪದವನ್ನೇ ಹಾಡ್ತೀನಿ. ಹಾಡಿನಲ್ಲಿ ಹೂವಿಗೆ ಏನಂತ ಹೇಳಲಿ? ನಿನ್ನಂಥವನು ಹೆಸರು ಯೋಚಿಸದೆ ಇರ್ತೀಯಾ?"

ಯೋಚಿಸದೆ ಇದ್ದಾನೆಯೇ! ಅವನ ತಲೆಯಲ್ಲಿ ಆಗಲೇ ಹದಿನೆಂಟು ಹೆಸರು ಕುಣಿಯುತ್ತಿದ್ದವು. ಹದಿನೆಂಟರಲ್ಲೂ ದ್ಯಾವ ಇದ್ದ. ಹುಲಿಗೆ ಹೆದರದವನ ಮೈ ಹೊಗಳಿಕೆಗೆ ಬೆವರಿತು. ನಾಲಗೆ ತುದಿಗೆ ಬಂತು. ತುಟಿ ತೆರೆಯಿತು. ಅಕ್ಕನ ಕಣ್ಣಿನಿಂದ ಒಂದು ಹನಿ ಕಲ್ಲುಕೆನ್ನೆಯ ಮೇಲೆ ಇಳಿಯಿತು.

ದ್ಯಾವಣ್ಣ ಬುತ್ತಿಗೆ ಕೈ ಹಾಕಿದವನೇ ಹಿಡಿ ತುಂಬ ಹುರಿಹಿಟ್ಟು ತೆಗೆದು ಬಾಯಿಗೆ ಸುರಿದುಕೊಂಡ. ಒಣಹಿಟ್ಟು, ನೀರಿಲ್ಲ, ಬೆಲ್ಲವಿಲ್ಲ. ನಾಲಗೆ ಅಂಗುಳಕ್ಕೆ ಅಂಟಿತು.

"ಹೇಳು ದ್ಯಾವಣ್ಣ!" ಅಂತು ಗಿಳಿ.

"ಮ್ಫ್" ಅಂದ ದ್ಯಾವಣ್ಣ. ಹಿಟ್ಟು ಬುಸ್ಸನೆ ಹಾರಿ ಗಿಳಿಯ ಮುಖಕ್ಕೆ ಹೊಡೆಯಿತು. ಗಿಳಿ ಸೀನುತ್ತಾ ಸೀನುತ್ತಾ ಬುರುಜಿಗೆ ಹಾರಿತು. ಬಾಯಿ ಬರಿದಾದ ಹಾಗೆಲ್ಲ ದ್ಯಾವಣ್ಣ ಇನ್ನೊಂದು ಹಿಡಿ ತುಂಬಿಕೊಂಡ. ಹೂವು ಅರಳುವವರೆಗೂ ಹಾಗೇ ಕೂತ.

ಮಾರನೆಯ ದಿನ ಹೊತ್ತು ಮೂಡಿ ಮಾರುದ್ದ ಏರಿದಾಗ ಹೂವೆಲ್ಲ ಅರಳಿದವು. ಹೆಸರುಬಾಕ ದಡದಡನೆ ಇಳಿದು ಬಂದ. "ಕೆಂಪು ಕರ್ಣಕುಂಡಲ, ಬಾ!" ಕೆಂಪೆಲ್ಲ ಹೋಯಿತು. "ಬಿಳಿ ಕರ್ಣಕುಂಡಲ, ಬಾ!" ಬಿಳಿಯೆಲ್ಲ ಹೋಯಿತು. ಮೂಲೆಯ ಗಿಡ ಒಂದೇ ಉಳಿಯಿತು, ಗಾಳಿಗೆ ತಲೆಯಾಡಿಸುತ್ತಾ. ನೀಲಿ ಅಂದು ಕರೆದ, ಬರಲಿಲ್ಲ. ಹಸಿರು ಅಂದು ಕರೆದ, ಬರಲಿಲ್ಲ. ತಾನು ತಿಂದ ಹೆಸರನ್ನೆಲ್ಲ ಒಂದೊಂದಾಗಿ ಕೂಗಿದ. ಸಂಪಿಗೆ, ಸುರಗಿ, ಕೇದಗೆ, ಕಣಗಿಲೆ. ಮಧ್ಯಾಹ್ನವಾಯಿತು, ಇಳಿಹೊತ್ತಾಯಿತು. ಗಂಟಲು ಒಡೆಯಿತು. ಹೂವು ಕದಲಲಿಲ್ಲ.

"ಏನೋ ಇದರ ಹೆಸರು?" ಅಂತ ಮಾಯಾವಿ ಮಂಡಿಯೂರಿದ.

ದ್ಯಾವಣ್ಣ ಹಿಟ್ಟು ನುಂಗಿ ಬಾಯಿ ಒರೆಸಿಕೊಂಡ. ಅವನ ಜೀವಮಾನದಲ್ಲೇ ಅಷ್ಟು ಚಿಕ್ಕ ಮಾತು ಆಡಿರಲಿಲ್ಲ. "ಇಟ್ಟಿಲ್ಲ."

ಹೆಸರುಬಾಕನ ಹೊಟ್ಟೆ ಕರ್ಣಕುಂಡಲದ ಕಾಯಿಯ ಹಾಗೆ ಪಟ್ಟನೆ ಸಿಡಿಯಿತು. ಒಳಗಿದ್ದ ಬಣ್ಣಗಳೆಲ್ಲ ಗುಬ್ಬಿಯ ಹಿಂಡಿನಂತೆ ಹಾರಿ, ತಮ್ಮ ತಮ್ಮ ಗಿಡ ಹುಡುಕಿಕೊಂಡು ಹೋಗಿ ಕೂತವು. ಹೂಸೀಮೆಯ ಬೇಲಿ ಬೇಲಿಯಲ್ಲೂ ಹೂವಾಯಿತು. ಮಾಯಾವಿ ಇದ್ದ ಜಾಗದಲ್ಲಿ ಒಂದು ಖಾಲಿ ಅಂಗಿ ಬಿದ್ದಿತ್ತು.

ಸಾತವ್ವ ಕೆಮ್ಮಿದಳು. ಮೈಮೇಲಿನ ಕಲ್ಲು ಚಕ್ಕೆಚಕ್ಕೆಯಾಗಿ ಉದುರಿತು.

"ಅಕ್ಕ! ಹೇಗಿದ್ದೀಯ?"

"ಸ್ವಲ್ಪ ಕೂತ್ಕೋತೀನಿ ತಡಿಯೋ. ಒಂದು ವರ್ಷದಿಂದ ನಿಂತಿದ್ದೀನಿ."

ರಾಜ ಚಂಪಕಸೇನ ಓಡೋಡಿ ಬಂದು ದ್ಯಾವಣ್ಣನಿಗೆ ಅರಮನೆಯ ತೋಟವನ್ನೆಲ್ಲ ಉಂಬಳಿ ಕೊಟ್ಟ. "ಇನ್ನಾದರೂ ಹೂವಿಗೆ ಹೆಸರಿಡಪ್ಪ" ಅಂದ.

ದ್ಯಾವಣ್ಣ ಎದೆಯುಬ್ಬಿಸಿದ, ಬಾಯಿ ತೆರೆದ. ಆಮೇಲೆ ಅಕ್ಕನ ಕಡೆ ನೋಡಿದ. "ಬೆಳೆಸಿದ ನಾನು ಇದಕ್ಕೆ ಅಪ್ಪ. ಅಂದರೆ ನಮ್ಮಕ್ಕ ಸೋದರತ್ತೆ. ನಮ್ಮ ಕಡೆ ಕೂಸಿಗೆ ಹೆಸರಿಡೋದು ಸೋದರತ್ತೆ, ಅಪ್ಪ ಅಲ್ಲ."

ಹನ್ನೊಂದನೆಯ ದಿನ ಗಿಡದ ಪಕ್ಕ ತೊಟ್ಟಿಲು ಕಟ್ಟಿದರು. ಊರಿನ ಹೆಂಗಸರೆಲ್ಲ ಸೇರಿದರು. ಸಾತವ್ವ ಬಗ್ಗಿ ಹೂವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. ಪದ್ಧತಿ ಬಿಡುವುದುಂಟೇ? ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಸೇರಿ ಧಬಧಬ ಗುದ್ದಿದರು. ರಾಣಿಯೂ ಸೀರೆ ಎತ್ತಿ ಕಟ್ಟಿ ಎರಡು ಗುದ್ದು ಹಾಕಿದಳು.

"ಏನಿಟ್ಟೆ ಅಕ್ಕ?" ಅಂದ ದ್ಯಾವಣ್ಣ, ಕಾಯಲಾರದೆ.

"ಪಾರಿವಾಳದೋಲೆ. ಪಾರಿವಾಳದ ಬಣ್ಣದ ಕಿವಿಯೋಲೆ."

"ಅದರಲ್ಲಿ ನಾನೆಲ್ಲಿದ್ದೀನಿ?"

"ನೀನು ಬುಡದಲ್ಲಿದ್ದೀಯ, ನೀರು ಹಾಕು ಹೋಗು" ಅಂದಳು ಸಾತವ್ವ, ಗುದ್ದಿಸಿಕೊಂಡ ಬೆನ್ನು ನೀವಿಕೊಳ್ಳುತ್ತಾ.

ದ್ಯಾವಣ್ಣ ಕೊಡ ಎತ್ತಿಕೊಂಡ. ಆ ವರ್ಷ ಪಾರಿವಾಳದೋಲೆಯ ಬೀಜ ಹೂಸೀಮೆಯ ಮನೆಮನೆಗೂ ಹೋಯಿತು. ಹೆಂಗಸರು ಮುಡಿದರು, ಮಕ್ಕಳು ಕಿವಿಗೆ ಸಿಕ್ಕಿಸಿಕೊಂಡರು, ಹೆಬ್ಬಾವಿಗೂ ಎಣಿಸಲು ಒಂದು ಗಿಡ ಕಳಿಸಿದರು. ಅಕ್ಕ ತಮ್ಮ ಇಬ್ಬರೂ ಬೈದಾಡಿಕೊಂಡು, ನಗಾಡಿಕೊಂಡು, ಹೂವಿನ ನಡುವೆ ನೂರು ಕಾಲ ಸುಖವಾಗಿ ಬಾಳಿದರು.