ಎಡ ಚಕ್ರದ ಕರಕರ

ಬೆಳಗಿನ ಏಳು ಗಂಟೆ. ಕಾಲುವೆ ರಸ್ತೆಯ ತುಂಬ ರೊಟ್ಟಿ ಚೆಲ್ಲಿತ್ತು. ಬಿಸಿ ಇನ್ನೂ ಆರಿರಲಿಲ್ಲ. ತಲೆಯ ಮೇಲೆ ರೊಟ್ಟಿಯ ಹಲಗೆ ಹೊತ್ತು ಸೈಕಲ್ ತುಳಿಯುವ ಸಾಬಿರ್ ಜೊಂಡಿನ ಪಕ್ಕದಲ್ಲಿ ಬಿದ್ದಿದ್ದ. ಚಕ್ರದ ಕಡ್ಡಿ ಕಡ್ಡಿಗೂ ಹಸಿರು ದಾರ ಸುತ್ತಿ ಸಿಂಗರಿಸಿದ್ದ ಅವನ ಸೈಕಲ್ ಮುದ್ದೆಯಾಗಿತ್ತು. ಗುದ್ದಿದವನು ನಿಲ್ಲಿಸದೆ ಹೋಗಿದ್ದ.

ನಿಲ್ಲಿಸಿದವನು ನನ್ನ ತಮ್ಮ ರಶಾದ್. ತನ್ನ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದ. ಅದೇ ಅವನಿಗೆ ಮುಳುವಾಯಿತು. ಸೀಟಿನ ತುಂಬ ರಕ್ತ. ಮುಂದಿನ ಮಡ್‌ಗಾರ್ಡ್ ಹಿಂದೆಂದೋ ಬಿದ್ದ ಪೆಟ್ಟಿನಿಂದ ಸೊಟ್ಟಗಾಗಿತ್ತು. ಸಾಬಿರ್‌ಗೆ ಪ್ರಜ್ಞೆಯಿಲ್ಲ, ನಿಜ ಹೇಳುವವರು ಯಾರು? ಪೊಲೀಸರು ರಶಾದನನ್ನೇ ಒಳಗೆ ಹಾಕಿದರು.

"ಬಾಷಾ, ಗುದ್ದಿದವನೇ ಆಸ್ಪತ್ರೆಗೆ ಹೊತ್ಕೊಂಡು ಹೋಗ್ತಾನಾ?" ಎಂದು ಠಾಣೆಯಲ್ಲಿ ಕೇಳಿದೆ. ಬಾಷಾ ಅಂದರೆ ಸಾಹೇಬರು, ಪೊಲೀಸ್ ಅಧಿಕಾರಿಗೆಲ್ಲ ಹಾಗೇ ಅನ್ನುವುದು.

ಲೆಫ್ಟಿನೆಂಟ್ ಶಿರ್ಬೀನಿ ಚಹಾ ಕಲಕುತ್ತಿದ್ದ. "ಹೆದರಿದವನು ಏನ್ ಬೇಕಾದ್ರೂ ಮಾಡ್ತಾನಮ್ಮ. ಮೂರು ಗಂಟೆಗೆ ಪ್ರಾಸಿಕ್ಯೂಟರ್ ಮುಂದೆ ನಿಲ್ಲಿಸ್ತೀನಿ. ಆಮೇಲೆ ಜೈಲು. ಅಷ್ಟರೊಳಗೆ ಬೇರೆ ಗಾಡಿ ಇದ್ರೆ ತಂದು ತೋರ್ಸು."

"ಹುಡುಕೋದು ನಿಮ್ಮ ಕೆಲಸ ಅಲ್ವಾ?"

"ಈ ಝಗಾಝಿಗ್ ಊರಲ್ಲಿ ಎಷ್ಟು ಕಾರಿದೆ ಗೊತ್ತಾ ನಿಂಗೆ? ಹೋಗು, ಗ್ಯಾರೇಜ್ ಬಾಗಿಲು ತೆಗಿ."

ತೆಗೆದೆ. ಮನೆಯಲ್ಲಿ ಕೂತು ಅಳುವುದಕ್ಕಿಂತ ಕೈಯಲ್ಲಿ ಸ್ಪ್ಯಾನರ್ ಹಿಡಿದಿರುವುದು ನನಗೆ ವಾಸಿ.

* * *

ಹನ್ನೊಂದಕ್ಕೆ ಒಂದು ಬಿಳಿ ಕಾರು ಕರಕರ ಹಲ್ಲು ಕಡಿಯುತ್ತ ಬಂದು ನಿಂತಿತು. ಇಳಿದವನು ಊರಿನ ಆಚೆ ಬದಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಲುತ್ಫಿ. ನಮ್ಮಲ್ಲಿ ಔಷಧಿ ಮಾರುವವನೂ ಡಾಕ್ಟರೇ. ಬಾನೆಟ್ ಮೇಲೆ ಕುರಿಯ ರಕ್ತದಲ್ಲಿ ಒತ್ತಿದ ಹಸ್ತ, ಇನ್ನೂ ಹಸಿ. ದೃಷ್ಟಿ ತಾಗದಿರಲೆಂದು ಹೊಸ ಕಾರು ಕೊಂಡವರೆಲ್ಲ ಕುರಿ ಕೊಯ್ದು ಮಾಂಸ ಹಂಚಿ ಹೀಗೆ ಒತ್ತುವುದೇ.

"ಮಬ್ರೂಕ್ ಡಾಕ್ಟ್ರೇ, ಶುಭವಾಗ್ಲಿ! ಹೊಸ ಕಾರಾ? ನಮ್ಮ ಪಾಲಿನ ಮಾಂಸ ಎಲ್ಲಿ?"

"ಹೂಂ... ಹೂಂ, ಹೋದ ವಾರ ತಗೊಂಡೆ. ಮಾಂಸ ಎಲ್ಲ ಬಡವರಿಗೆ ಹಂಚಿದೆ. ಉಸ್ತಾ, ಈ ಸದ್ದೊಂದು ನಿಲ್ಲಿಸಮ್ಮ. ಈಗಲೇ ಅಲೆಕ್ಸಾಂಡ್ರಿಯಾಕ್ಕೆ ಹೊರಡ್ಬೇಕು." ಉಸ್ತಾ ಅಂದರೆ ಮೇಸ್ತ್ರಿ, ಗ್ಯಾರೇಜಿಗೆ ಬಂದವರೆಲ್ಲ ನನ್ನನ್ನು ಕರೆಯುವುದು ಹಾಗೇ.

"ಯಾವಾಗಿಂದ ಇದೆ?"

"ಮೊನ್ನೆಯಿಂದ."

ಬೀದಿಯ ಕೊನೆಯವರೆಗೆ ಓಡಿಸಿ ನೋಡಿದೆ. ವೇಗ ಏರಿದಂತೆ ಸದ್ದೂ ಏರಿತು. ಬ್ರೇಕ್ ಒತ್ತಿದೆ, ಬದಲಾಗಲಿಲ್ಲ. ಪ್ಯಾಡ್ ಸವೆದದ್ದಲ್ಲ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಆಗಲೂ ಅದೇ ಸದ್ದು. ಬೇರಿಂಗೂ ಅಲ್ಲ. ಮುಂದಿನ ಎಡ ಚಕ್ರದ ಬ್ರೇಕ್ ಡಿಸ್ಕಿಗೆ ಏನೋ ಉಜ್ಜುತ್ತಿತ್ತು.

ಜಾಕ್ ಹಾಕಿ ಚಕ್ರ ಬಿಚ್ಚಿದೆ. ಡಿಸ್ಕಿನ ಹಿಂದಿನ ತೆಳು ತಗಡು ಬಗ್ಗಿ ಡಿಸ್ಕಿಗೆ ತಾಗಿತ್ತು. ಆ ಸಂದಿಯಲ್ಲಿ ಸೈಕಲ್ಲಿನ ಒಂದು ಮುರಿದ ಕಡ್ಡಿ. ಕಡ್ಡಿಗೆ ಹಸಿರು ದಾರ.

ಸಾಬಿರ್ ಸುತ್ತಿದ ದಾರ. ಲುತ್ಫಿ ನನ್ನ ಬೆನ್ನ ಹಿಂದೆಯೇ ನಿಂತಿದ್ದ.

"ಏನ್ ಸಿಕ್ತು?"

"ಕಲ್ಲು ಸಿಕ್ಕೊಂಡಿದೆ," ಎಂದೆ. ಕಡ್ಡಿಯನ್ನು ಮುಟ್ಟಲಿಲ್ಲ. ಚಕ್ರದ ನಟ್ಟುಗಳನ್ನೆಲ್ಲ ಜೇಬಿಗೆ ಹಾಕಿಕೊಂಡೆ. "ಒಂದು ಸಾಮಾನು ತರಿಸ್ಬೇಕು." ಅವನ ಎದುರಿಗೇ ಶಿರ್ಬೀನಿಗೆ ಫೋನ್ ಮಾಡಿದೆ. "ನಾನು ನವಾರಾ. ಬೆಳಿಗ್ಗೆ ನೀವು ನನ್ನ ಹತ್ರ ಕೇಳಿದ್ದು ಇಲ್ಲಿದೆ. ಬೇಗ ಬನ್ನಿ."

ಹತ್ತು ನಿಮಿಷ. ಹದಿನೈದು. ಲುತ್ಫಿಯ ಹಣೆಯ ಮೇಲೆ ಬೆವರು.

"ಸಾಮಾನು ಬೇಡ. ಚಕ್ರ ಹಾಕು."

"ಹಾಕ್ತೀನಿ."

"ಈಗಲೇ ಹಾಕು ಅಂದೆ! ನಟ್ಟು ಎಲ್ಲಿ?"

ಅವನು ಬಗ್ಗಿದ. ಹಸಿರು ದಾರ ಕಣ್ಣಿಗೆ ಬಿತ್ತು. ಮೆಲ್ಲಗೆ ಕೈ ಚಾಚಿದ.

ನಾನು ಜಾಕಿನ ಹಿಡಿಕೆ ಎತ್ತಿ ಹಿಡಿದೆ. "ಮುಟ್ಟಿದ್ರೆ ಕೈ ಮುರೀತೀನಿ ಡಾಕ್ಟ್ರೇ."

ಪುಣ್ಯಕ್ಕೆ ಆಗಲೇ ಪೊಲೀಸ್ ಜೀಪು ಬಂತು.

* * *

ಶಿರ್ಬೀನಿ ಕಡ್ಡಿ ನೋಡಿ ಮೂಗು ಮುರಿದ. "ಇಂಥ ಕಡ್ಡಿ ಬೀದೀಲಿ ಬೇಕಾದಷ್ಟು ಬಿದ್ದಿರುತ್ತೆ. ರಕ್ತದ ಹಸ್ತ ಅಂತೀಯಾ, ನನ್ನ ಕಾರಿನ ಮೇಲೂ ಇದೆ."

"ಮೊನ್ನೆ ಯಾವುದೋ ಗುಜರಿ ಮೇಲೆ ಹತ್ತಿಸಿದ್ದೆ ಬಾಷಾ," ಎಂದ ಲುತ್ಫಿ.

"ಮೊನ್ನೆಯಿಂದ ಉಜ್ಜಿದ್ರೆ ಈ ತಗಡು ಹರಿದು ಹೋಗ್ಬೇಕಿತ್ತು," ಎಂದೆ. "ಬರೀ ಗೀರು ಬಿದ್ದಿದೆ. ಇದು ಇವತ್ತಿಂದು. ಇನ್ನು ಹೊಸ ಕಾರು ಅಂದ್ರಲ್ಲ ಡಾಕ್ಟ್ರೇ, ಕಾಗದ ತೋರ್ಸಿ."

ಶಿರ್ಬೀನಿ ಕಾಗದ ನೋಡಿದ. ಮೂರು ವರ್ಷದಿಂದ ಲುತ್ಫಿಯ ಹೆಸರಲ್ಲೇ ಇತ್ತು. ನಾನು ಬಾಗಿಲು ತೆಗೆದೆ. ಒಳ ಅಂಚಿನಲ್ಲಿ ಕುರಿಯ ರಕ್ತದಲ್ಲೇ ಒತ್ತಿದ ಒಂದು ಮಗುವಿನ ಹಸ್ತ, ಮಾಸಿ ಕಂದಾಗಿತ್ತು.

"ಇದು ಕಾರು ಕೊಂಡಾಗಿನ ಕುರಿ. ಬಾನೆಟ್ ಮೇಲಿನದು ಇವತ್ತಿನ ಹಸಿ ರಕ್ತ. ಒಂದು ಕಾರಿಗೆ ಒಂದೇ ಕುರಿ ಅಲ್ವಾ ಬಾಷಾ? ಎರಡನೇದು ಯಾವಾಗ ಕೊಯ್ತಾರೆ?"

ಶಿರ್ಬೀನಿ ಈಗ ಲುತ್ಫಿಯನ್ನೇ ನೋಡುತ್ತಿದ್ದ. "ಗಂಡಾಂತರದಿಂದ ಪಾರಾದಾಗ."

"ಹೇಳಿ ಡಾಕ್ಟ್ರೇ. ಇವತ್ತು ಬೆಳಿಗ್ಗೆ ಯಾವುದರಿಂದ ಪಾರಾದ್ರಿ?"

ಠಾಣೆಯಿಂದ ಸೈಕಲ್ ತರಿಸಿದರು. ಕಡ್ಡಿಯ ಮುರಿದ ತುದಿ ಅದರ ಮುಂದಿನ ಚಕ್ರದಲ್ಲಿ ಉಳಿದಿದ್ದ ತುಂಡಿಗೆ ಸರಿಯಾಗಿ ಕೂತಿತು. ಲುತ್ಫಿ ನೆಲದ ಮೇಲೆ ಕುಸಿದ.

"ಬಿಸಿಲು ಕಣ್ಣಿಗೆ ಹೊಡೀತು. ಸತ್ತೇ ಹೋದ ಅಂದ್ಕೊಂಡೆ... ಇಡೀ ಕುರಿ ಹಂಚಿದೆನಮ್ಮ. ಒಂದು ತುಂಡೂ ಮನೆಗೆ ಇಟ್ಕೊಳ್ಳಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಅವನ ನಾಡಿ ಹಿಡಿದು ನೋಡೋಕೆ ಪುರುಸೊತ್ತಿರಲಿಲ್ಲ. ಕುರಿ ಹಿಡಿದು ತರೋಕೆ ಮಾತ್ರ ಇತ್ತು!"

ಕಾರು ಠಾಣೆಗೆ ಹೋಗಬೇಕಿತ್ತು. ಶಿರ್ಬೀನಿ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡ ಮೇಲೆ ನಾನು ತಗಡನ್ನು ಹಿಂದಕ್ಕೆ ಬಗ್ಗಿಸಿದೆ, ಚಕ್ರ ಹಾಕಿ ನಟ್ಟು ಬಿಗಿದೆ. ಐದು ನಿಮಿಷದ ಕೆಲಸ. ಕಾರು ಸದ್ದಿಲ್ಲದೆ ಹೋಯಿತು.

* * *

ನಾಲ್ಕಕ್ಕೆ ರಶಾದ್ ನಡೆದುಕೊಂಡೇ ಬಂದ. ಅಂಗಿಯ ಮೇಲಿನ ರಕ್ತ ಒಣಗಿ ಕಪ್ಪಾಗಿತ್ತು. ಅಪ್ಪಿಕೊಂಡು ಅತ್ತುಬಿಟ್ಟೆ. ಅವನು ನನ್ನ ಕೈ ಬಿಡಿಸಿಕೊಂಡ.

"ಅಕ್ಕಾ, ಸಾಬಿರ್ ಕಣ್ಣು ಬಿಟ್ನಾ?"

"ಇನ್ನೂ ಇಲ್ಲ."

"ಹಾಗಾದ್ರೆ ಆಸ್ಪತ್ರೆಗೆ ನಡಿ. ಅವನ ಹತ್ರ ಯಾರೂ ಇರಲ್ಲ."

ಗ್ಯಾರೇಜಿನ ಬಾಗಿಲು ಎಳೆದು ಅವನ ಹಿಂದೆ ಹೊರಟೆ.